ಹದಿನೇಳನೆಯ ದನಿ

“ರೆಪ್ಪೆ ಬಡೀಬೇಡಿ. ಈಗ ಹೇಳಿ, ಮೊದಲಿನ ಗಾಜಲ್ಲಿ ಚೆನ್ನಾಗಿ ಕಂಡಿತಾ, ಇದರಲ್ಲಾ?”

ಕತ್ತಲು ಮಾಡಿದ್ದ ಪುಟ್ಟ ಕೋಣೆಯಲ್ಲಿ ಆ ದನಿ ಕಿವಿಯ ಹತ್ತಿರವೇ ಕೇಳಿತು. ಅವಳಿಗೆ ಎದುರಿನ ಅಕ್ಷರ ಒಂದೂ ಕಾಣಲಿಲ್ಲ.

ಈ ದನಿ ತನಗೆ ಗೊತ್ತು...

ವಿಶ್ವವಿದ್ಯಾಲಯದ ನೀತಿಶಾಸ್ತ್ರ ವಿಭಾಗದಲ್ಲಿ ಅವಳದು ಕೇಳಿ ಬರೆಯುವ ಕೆಲಸ. ಬದುಕುವ ಭರವಸೆಯಿಲ್ಲದ ರೋಗಿಯ ಉಸಿರಾಟದ ಯಂತ್ರವನ್ನು ನಿಲ್ಲಿಸಬಹುದೇ, ನಿಲ್ಲಿಸಿ ಎಂದು ಹೇಳಬೇಕಾದ ಮನೆಯವರ ಪಾಡೇನು ಎಂಬುದರ ಮೇಲೆ ಅಲ್ಲಿ ಸಂಶೋಧನೆ ನಡೆದಿತ್ತು. ಹಾಗೆ ಹೇಳಿದವರ ಮಾತನ್ನು ರೆಕಾರ್ಡ್ ಮಾಡಿ ತರುತ್ತಿದ್ದರು. ಅವಳು ಹೆಡ್‌ಫೋನ್ ಹಾಕಿಕೊಂಡು ಒಂದು ಪದವೂ ಬಿಡದೆ ಟೈಪ್ ಮಾಡಬೇಕು. ಹೆಸರಿಲ್ಲ, ಬರೀ ಸಂಖ್ಯೆ. ಯಾರದಾದರೂ ಗುರುತು ಸಿಕ್ಕಿದರೆ ಅಂದೇ ಸಂಶೋಧನೆ ನಡೆಸುವ ಪ್ರೊಫೆಸರಮ್ಮನಿಗೆ ತಿಳಿಸಬೇಕು, ಅವರೊಂದಿಗೆ ಒಡನಾಟ ಇಟ್ಟುಕೊಳ್ಳಬಾರದು. ಅವಳೇ ಸಹಿ ಹಾಕಿ ಒಪ್ಪಿಕೊಂಡ ನಿಯಮ ಅದು.

ಕನ್ನಡಕದ ಅಂಗಡಿಯ ಇವನು ಹದಿನೇಳನೆಯವನು. ಅಪ್ಪನ ಯಂತ್ರ ನಿಲ್ಲಿಸಲು ಒಪ್ಪಿಗೆ ಕೊಟ್ಟು, ಮನೆಗೆ ಬಂದು ಅಮ್ಮನಿಗೆ ‘ತಾವಾಗಿಯೇ ಹೋದರು’ ಎಂದು ಸುಳ್ಳು ಹೇಳಿದವನು.

“ಎರಡನೆಯದು,” ಎಂದಳು, ಬಾಯಿಗೆ ಬಂದ ಹಾಗೆ.

ಅಂದು ತಿಳಿಸಲಿಲ್ಲ. ಮರುದಿನವೂ ಇಲ್ಲ. ಕನ್ನಡಕ ತರಲು ಹೋದಳು. ಕಿವಿಯ ಹಿಂದೆ ಒತ್ತುತ್ತದೆ ಎಂದು ಮತ್ತೆ ಹೋದಳು. ಸ್ಕ್ರೂ ಸಡಿಲವಾಯಿತೆಂದು ಮತ್ತೆ.

“ಕನ್ನಡಕ ಒಂದು, ರಿಪೇರಿ ಹನ್ನೆರಡು,” ಅಕ್ಕ ನಕ್ಕಳು. “ಅಂಗಡಿಯವನನ್ನೇ ಮನೆಗೆ ತಂದಿಟ್ಟುಕೊಂಡ್ರೆ ಓಡಾಟ ತಪ್ಪುತ್ತೆ ಕಣೇ.”

ನಗಲು ಅವಳಿಂದ ಆಗಲಿಲ್ಲ. ನಡುಗುವ ಮುದುಕರ ಮೂಗಿನ ಮೇಲೆ ಅವನು ಕನ್ನಡಕ ಕೂರಿಸುವ ತಾಳ್ಮೆ ಕಂಡು ಅವಳು ಸೋತಿದ್ದಳು. ಆದರೆ ಅವನು ‘ಅಪ್ಪ’ ಎಂದಾಗಲೆಲ್ಲ ಅವಳ ಕಣ್ಣು ನೆಲ ನೋಡುತ್ತಿತ್ತು.

ಒಮ್ಮೆ ಪ್ರೊಫೆಸರಮ್ಮ, “ಯಾರಿಗಾದರೂ ದನಿಯ ಗುರುತು ಸಿಕ್ಕಿದೆಯೇನ್ರಮ್ಮ?” ಎಂದು ಎಲ್ಲರನ್ನೂ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಸುಮ್ಮನೆ ಹೆಡ್‌ಫೋನ್ ಸರಿಪಡಿಸಿಕೊಂಡಳು. ಆ ಸಂಜೆ ದೇವರೆದುರು ಕೈ ಮುಗಿದರೆ ಬೇಡಿಕೊಳ್ಳಲು ಬಾಯೇ ಬರಲಿಲ್ಲ. ದೇವರಿಗೆ ಎಲ್ಲವೂ ಗೊತ್ತಲ್ಲ!

ನಾಲ್ಕು ತಿಂಗಳಲ್ಲಿ ಅಂಗಡಿಯ ಮಾತುಕತೆ ಇಬ್ಬರ ಸಂಜೆಯ ತಿರುಗಾಟವಾಗಿ ಬೆಳೆಯಿತು. ಒಂದು ದಿನ ಉದ್ಯಾನದ ಬೆಂಚಿನ ಮೇಲೆ ಅವನು ಕೈ ಹೊಸೆಯುತ್ತ ಕುಳಿತಿದ್ದ.

“ಮದುವೆ ಮಾತಿಗೆ ಮುಂಚೆ ಒಂದು ವಿಷಯ ಹೇಳ್ಬೇಕು. ಅಪ್ಪನ ವಿಷಯ. ನಮ್ಮವರಲ್ಲಿ ಯಾರಿಗೂ ನಾನು ಹೇಳಿಲ್ಲ. ಕೇಳಿದ ಮೇಲೆ ನೀವು ಬೇಡ ಅಂದ್ರೂ...”

ಸುಮ್ಮನೆ ಕೇಳಿ ಕಣ್ಣೀರು ಹಾಕಿದರೆ ಸಾಕು, ಇವನು ನನ್ನನ್ನು ಒಳ್ಳೆಯವಳೆಂದೇ ನಂಬುತ್ತಾನೆ... ಆ ಯೋಚನೆಗೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ಹೇಳ್ಬೇಡಿ. ನನಗೆ ಗೊತ್ತು. ನಿಮ್ಮ ಮಾತನ್ನ ಟೈಪ್ ಮಾಡಿದ್ದು ನಾನೇ.”

ಅವನು ಕೈ ಹೊಸೆಯುವುದನ್ನು ನಿಲ್ಲಿಸಿದ. “ನಾನೇ ಅಂತ ಯಾವಾಗ ತಿಳೀತು?”

“ಮೊದಲ ದಿನವೇ.”

“ನಿಮಗೆ ಹೇಗೆ ಹೇಳೋದು ಅಂತ ನಾಲ್ಕು ತಿಂಗಳು ಮಾತು ಜೋಡಿಸ್ತಾ ಇದ್ದೆ. ನೀವು ಎದುರಿಗೇ ಕೂತು ನೋಡ್ತಾ ಇದ್ರಿ.”

ಎದ್ದು ಹೋದ. ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪ್ರೊಫೆಸರಮ್ಮನೆದುರು ನಿಂತು ಎಲ್ಲವನ್ನೂ ಒಪ್ಪಿಕೊಂಡಳು.

“ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆಯಾ?”

“ಇಲ್ಲಮ್ಮ. ಹೇಳಿದ್ರೆ ಮತ್ತೆ ಆ ಅಂಗಡಿಗೆ ಹೋಗೋ ಹಾಗಿರಲಿಲ್ಲ.”

ಪ್ರೊಫೆಸರಮ್ಮ ನಿಟ್ಟುಸಿರಿಟ್ಟರು. ಅವಳನ್ನು ಸಂಶೋಧನೆಯಿಂದ ತೆಗೆದು ವಿಭಾಗದ ಪುಸ್ತಕ ಜೋಡಿಸಲು ಹಾಕಿದರು. ಅವನಿಗೆ ಕ್ಷಮೆ ಕೋರಿ ಪತ್ರ ಬರೆದು, ಬೇಕಿದ್ದರೆ ನಿಮ್ಮ ಮಾತನ್ನು ಪೂರ್ತಿ ಅಳಿಸುತ್ತೇವೆ ಎಂದು ಅರ್ಜಿಯೊಂದನ್ನು ಜೊತೆಗಿಟ್ಟರು.

ಒಂಬತ್ತನೆಯ ದಿನ ಅವನು ಆ ಅರ್ಜಿ ಹಿಡಿದು ಪುಸ್ತಕದ ಕೋಣೆಗೇ ಬಂದ.

“ಅಳಿಸಿ ಅಂತ ಬರೆದ್ರಾ?” ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಕೇಳಿದಳು.

“ಬರೆಯೋಕೆ ಕೂತೆ. ನನ್ನ ವಿಷಯ ಬಚ್ಚಿಟ್ಟುಕೊಂಡು ನನ್ನ ಜೊತೆ ನಗ್ತಿದ್ರಲ್ಲಾ ಅಂತ ಕೋಪ. ತಲೆಯೆತ್ತಿದ್ರೆ ಎದುರಿಗೆ ಅಮ್ಮ ಬಟ್ಟೆ ಮಡಚ್ತಾ ಇದ್ಲು. ಅವಳ ಗಂಡನ ವಿಷಯವನ್ನ ಎರಡು ವರ್ಷ ನಾನೂ ಬಚ್ಚಿಟ್ಟಿದ್ನಲ್ಲ... ಹೇಳಿಬಿಟ್ಟೆ.”

“ಏನಂದ್ರು?”

“ಎರಡು ದಿನ ಅಪ್ಪನ ಫೋಟೋ ಮುಂದೆಯೇ ಕೂತಿದ್ಲು. ಮೂರನೇ ದಿನ, ‘ಅವರ ಕೈ ಹಿಡಿದು ಕೂರೋಕೆ ನನ್ನನ್ನ ಕರೀಬಾರದಿತ್ತೇನೋ?’ ಅಂದ್ಲು. ಆಮೇಲೆ ಊಟಕ್ಕೆ ಬಡಿಸಿದ್ಲು.”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಕ್ಷಮಿಸಿ ಅನ್ನೋಕೂ ನನಗೆ ಮುಖವಿಲ್ಲ.”

“ಇನ್ನೂ ನೋವಿದೆ. ಇಲ್ಲ ಅನ್ನಲ್ಲ.” ಅವನು ಖಾಲಿ ಅರ್ಜಿಯನ್ನು ಮಡಚಿ ಜೇಬಿಗಿಟ್ಟ. “ನನ್ನ ಮಾತು ಅಲ್ಲೇ ಇರಲಿ. ನನ್ನಂಥ ಇನ್ನೊಬ್ಬನಿಗೆ ದಾರಿಯಾದೀತು. ಆದ್ರೆ ನಿಮಗೇ ಅಂತ ಜೋಡಿಸಿದ ಮಾತು ಹಾಗೇ ಉಳಿದಿದೆ. ಹೇಳಲಾ?”

ಅವಳು ಪುಸ್ತಕಗಳನ್ನು ಸರಿಸಿ ಅವನಿಗೆ ಜಾಗ ಮಾಡಿ, ತಾನೂ ಕುಳಿತಳು.

ಅವನು ಆಸ್ಪತ್ರೆಯ ಮೊಗಸಾಲೆಯಿಂದ ಆರಂಭಿಸಿದ. ನಡುವೆ ಮಾತು ನಿಂತಿತು. ಟೈಪ್ ಮಾಡುವಾಗ ಇಂಥ ಕಡೆ ಅವಳು ‘ಮೌನ’ ಎಂದು ಬರೆದು ಮುಂದೆ ಹೋಗುತ್ತಿದ್ದಳು. ಈಗ ಅವನ ಕೈ ಮೇಲೆ ಕೈಯಿಟ್ಟು ಕಾದಳು.

“ಇನ್ನೂ ಇದೆ,” ಎಂದ.

“ನಿಧಾನವಾಗಿ ಹೇಳಿ. ನಾನಿಲ್ಲೇ ಇದ್ದೀನಿ.”