ದಾಳಿಂಬೆ ಲಂಗ

"ಶ್! ಹನ್ನೊಂದಾಗೋಕೆ ಇನ್ನೂ ಹನ್ನೆರಡು ನಿಮಿಷ ಇದೆ," ಎಂದು ಗೀತಲ್ ಗೆಳತಿ ಶಿಫ್ರಾಳ ಕಾಲು ತುಳಿದಳು.

ಜೆರುಸಲೇಮಿನ ಆ ಯೆಹೂದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೇ ಕ್ಲಾಸಿನವರೆಲ್ಲ ಒಂದು ಒಪ್ಪಂದ ಮಾಡಿಕೊಂಡಿದ್ದರು. ದಿನಾ ಹತ್ತರಿಂದ ಹನ್ನೊಂದರವರೆಗೆ ಯಾರೂ ಇನ್ನೊಬ್ಬರ ಸುದ್ದಿ ಆಡಬಾರದು. ಅದು ನಾಲಿಗೆ ಕಾಯುವ ಗಂಟೆ. ಮಿಕ್ಕ ಇಪ್ಪತ್ತಮೂರು ಗಂಟೆಯ ಗತಿ ಏನೆಂದು ಯಾರೂ ಕೇಳಿರಲಿಲ್ಲ.

"ನಿಜ ಕಣೇ! ನಿಜ ಹೇಳೋಕೂ ಬಿಡಲ್ವಾ?" ಶಿಫ್ರಾ ಗೊಣಗಿದಳು.

"ನಿಜ ಆದ್ರೂ ಸುದ್ದಿ ಸುದ್ದೀನೇ. ಟೀಚರ್ ಹೇಳಿಲ್ವಾ?"

ಶಿಫ್ರಾಳ ನಾಲಿಗೆ ತುರಿಸುತ್ತಿತ್ತು. ಮುಂದಿನ ಬೆಂಚಿನ ಯಿಸ್ಕಾ ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ಮೊಣಕಾಲು ದಾಟಿ ಇಳಿದ ನೀಲಿ ಲಂಗ, ಅದರ ತುಂಬ ಕೆಂಪು ದಾಳಿಂಬೆ. ಅಯ್ಯೋ, ಅದು ಶಿಫ್ರಾಳ ಮನೆಯ ಅಡುಗೆಕೋಣೆಯ ಹಳೇ ಪರದೆ! ಪಸ್ಕ ಹಬ್ಬಕ್ಕೆ ಮನೆ ತೊಳೆದಾಗ ಅಜ್ಜಿ ಅದನ್ನು ಒಗೆದು, ಮಡಿಸಿ, ಬೀದಿಯ ದಾನದ ಪೆಟ್ಟಿಗೆಗೆ ಹಾಕಿ ಬಂದಿದ್ದಳು.

"ಕೊಟ್ಟೋರು ಯಾರು ಅಂತ ತಗೊಂಡೋರಿಗೆ ಗೊತ್ತಾಗಬಾರದು. ತಗೊಂಡೋರು ಯಾರು ಅಂತ ನಮಗೂ ಗೊತ್ತಾಗಬಾರದು," ಎಂದಿದ್ದಳು ಅಜ್ಜಿ. ಈಗ ಗೊತ್ತಾಗಿಬಿಟ್ಟಿತ್ತಲ್ಲ!

ಬಾಯಿಗೆ ತಾನೇ ಕಟ್ಟು, ಕೈಗಲ್ಲವಲ್ಲ? ಶಿಫ್ರಾ ಕಿಟಕಿ ತೋರಿಸಿದಳು. ಪರದೆ ಎಳೆಯುವಂತೆ ಕೈಯಾಡಿಸಿದಳು. ಯಿಸ್ಕಾಳ ಕಡೆ ಹುಬ್ಬು ಹಾರಿಸಿದಳು.

"ಸೆಕೆ ಆಗ್ತಿದ್ಯಾ?" ಗೀತಲ್ ಎದ್ದು ಹೋಗಿ ಕಿಟಕಿ ತೆರೆದಳು.

ಶಿಫ್ರಾ ತಲೆ ಚಚ್ಚಿಕೊಂಡಳು.

ಕೊನೆಗೂ ಹನ್ನೊಂದರ ಬೆಲ್ ಹೊಡೆಯಿತು. ಅಂಗಳದಲ್ಲಿ ಹುಡುಗಿಯರು ಶಿಫ್ರಾಳನ್ನು ಮುತ್ತಿಕೊಂಡರು.

"ಈಗ ಕಕ್ಕೇ! ಆಗಿಂದ ಇರುವೆ ಕಚ್ಚಿದೋರ ಥರ ಆಡ್ತಿದ್ದೆ," ಎಂದಳು ಗೀತಲ್.

"ತಡೀರೇ, ನಾನೂ ಕೇಳ್ಬೇಕು!" ಯಿಸ್ಕಾ ಎಲ್ಲರಿಗಿಂತ ಜೋರಾಗಿ ಓಡಿ ಬಂದಳು.

ಅವಳ ಲಂಗದ ಅಂಚಿನಲ್ಲಿ ದಾರದಲ್ಲಿ ಕಸೂತಿ ಹಾಕಿದ ಒಂದು ಪುಟ್ಟ ಹಕ್ಕಿ ಇತ್ತು. ಪರದೆಯಲ್ಲಿ ಸರಿಯಾಗಿ ಆ ಜಾಗದಲ್ಲೇ ಶಿಫ್ರಾ ಬೀಟ್‌ರೂಟ್ ಸಾರು ಚೆಲ್ಲಿದ್ದಳು. ಎಷ್ಟು ತಿಕ್ಕಿದರೂ ಹೋಗದ ಕಲೆ ಈಗ ಹಕ್ಕಿಯ ರೆಕ್ಕೆಯಡಿ ಅಡಗಿ ಕೂತಿತ್ತು.

ಶಿಫ್ರಾ ನೋಡುತ್ತಿದ್ದುದನ್ನು ಕಂಡು ಯಿಸ್ಕಾ, "ಅಮ್ಮ ಹಾಕಿದ್ದು. ಮೂರು ಸಂಜೆ ಹಿಡೀತು, ಗೊತ್ತಾ?" ಎಂದಳು.

"ಹೇಳೇ ಶಿಫ್ರಾ!"

ಈಗ ತಡೆಯುವವರು ಯಾರೂ ಇರಲಿಲ್ಲ. ಶಿಫ್ರಾ ಬಾಯಿ ತೆರೆದಳು.

"ಅದು... ನಾನು ಮನೇಲಿ ಬೀಟ್‌ರೂಟ್ ಸಾರು ಚೆಲ್ಲಿ ಅಜ್ಜಿ ಕೈಲಿ ಸರೀ ಬೈಸಿಕೊಂಡೆ."

"ಥೂ, ಇಷ್ಟಕ್ಕಾ ಅಷ್ಟೊಂದು ಕುಣಿದಿದ್ದು!" ಗೀತಲ್ ಅವಳ ಜಡೆ ಎಳೆದಳು.

ಎಲ್ಲರಿಗಿಂತ ಹೆಚ್ಚು ನಕ್ಕವಳು ಯಿಸ್ಕಾ. ನಗುತ್ತ ನಗುತ್ತ ಗಿರ್ರನೆ ಒಂದು ಸುತ್ತು ತಿರುಗಿದಳು. ದಾಳಿಂಬೆಗಳೆಲ್ಲ ಹಾರಿದವು.

ಕಿಟಕಿಯಲ್ಲಿ ನೇತಾಡುತ್ತಿದ್ದಾಗ ಅವು ಒಂದು ದಿನವೂ ಹೀಗೆ ಹಾರಿರಲಿಲ್ಲ. ಅದನ್ನೂ ಶಿಫ್ರಾ ಯಾರಿಗೂ ಹೇಳಲಿಲ್ಲ.