ವಾಗಿಯಮ್ ಇಡಿಸಿದ ಕಾಫಿ

ನಮ್ಮ ಜಾವಾದ ಈ ಹಳ್ಳಿಗಳಲ್ಲಿ ಗುರುವಾರ ಸಂಜೆ ಸತ್ತವರಿಗೆ ಒಂದು ಲೋಟ ಕಾಫಿ ಇಡದ ಮನೆಯಿಲ್ಲ. ವಾಗಿಯಮ್ ಮಾತ್ರ ಸತ್ತ ಗಂಡನಿಗೆಂದು ದಿನವೂ ಇಡುತ್ತಿದ್ದಳು. ಅಷ್ಟಕ್ಕೇ ಅವಳ ಅಣ್ಣ ಪಾರ್ಜೊ ಅವಳ ಕಾಲಿಗೆ ಮರದ ಕೋಳ ತೊಡಿಸಿ ಬೀಗ ಜಡಿದಿದ್ದ. ನಾನು ಮನೋರೋಗಿಗಳನ್ನು ನೋಡುವ ನರ್ಸು. ಆ ಬೀಗ ತೆಗೆಸಿಯೇ ಬರುತ್ತೇನೆಂದು ಮಧ್ಯಾಹ್ನ ಹೋಗಿದ್ದೆ.

“ಅವಳಿಗೆ ಹುಚ್ಚು ನರ್ಸಮ್ಮ. ಗಂಡ ಬಂದು ಕಾಫಿ ಕುಡೀತಾನಂತೆ!” ಅಂದ ಪಾರ್ಜೊ.

“ನೀವು ಗುರುವಾರ ಇಡೋದನ್ನ ಯಾರು ಕುಡೀತಾರೆ?”

“ಯಾರೂ ಇಲ್ಲ. ಬೆಳಿಗ್ಗೆ ಚೆಲ್ಲಿಬಿಡ್ತೀವಿ.”

“ಊರೆಲ್ಲ ಮಾಡಿದ್ರೆ ಪದ್ಧತಿ, ಇವಳೊಬ್ಬಳು ಮಾಡಿದ್ರೆ ಹುಚ್ಚಾ? ಯಾರಿಗಾದ್ರೂ ಹೊಡೆದ್ಲಾ? ಊಟ, ನಿದ್ದೆ ಬಿಟ್ಲಾ? ಬೀಗದ ಕೈ ಕೊಡಿ.”

ಗೊಣಗುತ್ತಲೇ ಕೊಟ್ಟ. ಬೀಗ ತುಕ್ಕು ಹಿಡಿದಿತ್ತು. ವಾಗಿಯಮ್ ಅತ್ತಿಗೆಯ ಕೈಲಿ ಇಡಿಸಿದ್ದ ಕಾಫಿ ಅವಳಿಗೆ ಎಟುಕದ ದೂರದಲ್ಲಿ, ನನ್ನ ಬೆನ್ನ ಹಿಂದೆ ತುಂಬಿ ನಿಂತಿತ್ತು. ಯಾರೂ ಸೇದದಿದ್ದರೂ ಲವಂಗದ ಸಿಗರೇಟಿನ ವಾಸನೆ ಬಂತು. ಕತ್ತಿಗೆ ತಣ್ಣಗೆ ಉಸಿರು ತಾಗಿತು.

“ಸ್ವಲ್ಪ ಸರ್ಕೊಳ್ಳಿ,” ಅಂದಳು ವಾಗಿಯಮ್, “ಅವರಿಗೆ ಜಾಗ ಸಾಲ್ತಿಲ್ಲ.”

ಸರಿದೆ. ಆದರೆ ಬೀಗದಿಂದ ಕೈ ತೆಗೆಯಲಿಲ್ಲ; ಕೊನೆಗೆ ಅದು ತೆರೆಯಿತು. ಕೋಳ ಕಳಚಿ ತಿರುಗಿದರೆ ಲೋಟದ ತಳದಲ್ಲಿ ಗಸಿ ಮಾತ್ರ ಇತ್ತು.

ಬಾಗಿಲಲ್ಲೇ ನಿಂತಿದ್ದ ಪಾರ್ಜೊನ ಮುಖ ಬಿಳಿಚಿಕೊಂಡಿತು. “ಅದನ್ನ ಯಾರು ಕುಡಿದ್ರು ನರ್ಸಮ್ಮ?”

ಕೋಳ ನಮ್ಮ ನಡುವೆ ಬಾಯಿ ತೆರೆದು ಬಿದ್ದಿತ್ತು.

“ನಾನೇ,” ಎಂದು ವಾಗಿಯಮ್‌ಳನ್ನು ಕೈಹಿಡಿದು ಎಬ್ಬಿಸಿದೆ.