ಅಳತೆ ತಪ್ಪಿದ ಹಿಡಿಕೆ

ಪುಟ್ಟಿಯ ಬ್ಯಾಂಕ್ ಕೆಲಸವನ್ನು ಅವಳ ಇಬ್ಬರು ಅಣ್ಣಂದಿರು ಸೇರಿ ಬಿಡಿಸಿದರು. ಅಪ್ಪ ಕಾಯಿಲೆ ಬಿದ್ದಿದ್ದರು; ನೋಡಿಕೊಳ್ಳಲು ಒಬ್ಬರು ಬೇಕಿತ್ತು.

ಅವಳಿಗೀಗ ಐವತ್ತೆಂಟು. ಅಣ್ಣಂದಿರಿಗೆ ಇನ್ನೂ ಪುಟ್ಟಿಯೇ.

ಒಂದು ಬೆಳಿಗ್ಗೆ ತಲೆ ನರೆತ ಫಿಟ್ಟರ್ ಬಾಗಿಲು ತಟ್ಟಿದ. ವಯಸ್ಸಾದವರು ಜಾರದಂತೆ ಬಚ್ಚಲುಮನೆಯ ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸುವುದು ಅವನ ಕಸುಬು. ದೊಡ್ಡಣ್ಣ ಫೋನಿನಲ್ಲೇ ಗೊತ್ತುಮಾಡಿದ್ದ.

"ನೆಟ್ಟಗೆ ನಿಲ್ಲಿ. ಕೈ ಚಾಚಿ."

ಅವಳು ಚಾಚಿದಳು. ಅವನು ಟೇಪು ಹಿಡಿದು ಅಳೆದ, ಗೋಡೆ ಕೊರೆದ, ಸ್ಕ್ರೂ ಬಿಗಿದ.

"ಅಲ್ರೀ, ನನ್ನ ಕೈ ಯಾಕೆ ಅಳೆದ್ರಿ?"

"ಪೇಷೆಂಟ್ ನೀವೇ ಅಲ್ವಾ?"

"ನಾನಾ?! ಪೇಷೆಂಟ್ ಒಳಗೆ ಮಲಗಿದಾರೆ. ನಾನು ಮಗಳು!"

ಅವನ ಮುಖ ಹುಳ್ಳಗಾಯಿತು. "ಕುಂಟ್ತಾ ಬಂದ್ರಲ್ಲ... ಅದಕ್ಕೆ..."

ಕುಂಟುತ್ತಿದ್ದೇನೆಯೇ? ಯಾರೂ ಹೇಳಿರಲಿಲ್ಲ... ಅಪ್ಪನ ಔಷಧಿಗೆ ಅಣ್ಣಂದಿರು ದುಡ್ಡು ಕಳಿಸುತ್ತಿದ್ದರು. ತನ್ನ ನೋಯುವ ಮೊಣಕಾಲಿಗೆಂದು ಅವಳು ಎಂದೂ ಕೇಳಿರಲಿಲ್ಲ. ಹಾಸಿಗೆ ಹಿಡಿದ ಅಪ್ಪ ಬಚ್ಚಲುಮನೆ ಕಂಡು ವರ್ಷಗಳಾಗಿವೆ ಎಂಬುದು ಹಿಡಿಕೆ ಹಾಕಿಸಿದ ಅಣ್ಣನಿಗೂ ಗೊತ್ತಿರಲಿಲ್ಲ.

"ಕಿತ್ತು ಹಾಕ್ಲಾ?"

"ಬೇಡ. ಗೋಡೆ ಕೆಡಿಸಿದ್ದು ಸಾಕು!"

ಅಂದಿನಿಂದ ಅವನು ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಲು ಬರತೊಡಗಿದ. ಅದು ಎಂದೂ ಸಡಿಲವಾಗಿರಲಿಲ್ಲ. ಬಂದವನು ಅಪ್ಪನ ಭುಜ ಹಿಡಿಯುತ್ತಿದ್ದ, ಅವಳು ಸೊಂಟ ಹಿಡಿಯುತ್ತಿದ್ದಳು. ಬೆನ್ನು ಹುಣ್ಣಾಗದಂತೆ ಇಬ್ಬರೂ ಸೇರಿ ಮಗ್ಗುಲು ಬದಲಿಸುತ್ತಿದ್ದರು.

"ಸ್ಕ್ರೂ ನೋಡಕ್ಕೆ ಬರ್ತೀಯೋ, ಬೇರೇನಾದ್ರೂ ನೋಡಕ್ಕೋ?" ಎಂದು ಅಪ್ಪ ಒಮ್ಮೆ ಕಾಲೆಳೆದರು. ಇಬ್ಬರೂ ಹಾಸಿಗೆಯ ಸುಕ್ಕು ಸರಿಪಡಿಸುವುದರಲ್ಲಿ ಮುಳುಗಿದರು.

ಅಪ್ಪ ತೀರಿಕೊಂಡರು. ಅವನು ಆಮೇಲೂ ಬಂದ.

"ನಮ್ಮನೆಗೆ ಬಂದ್ಬಿಡಿ... ಅಮ್ಮಂಗೂ ಖುಷಿಯಾಗತ್ತೆ..."

"ನಿಮ್ಮಮ್ಮ ಓಡಾಡ್ತಾರಾ?"

"ಇಲ್ಲ... ಬಿದ್ದು ಸೊಂಟ ಮುರ್ಕೊಂಡಿದಾರೆ."

ಅವಳು ಹಿಂದೆ ಸರಿದಳು. ಇವನೂ...!

"ಸಂಬಳ ಇಲ್ಲದ ನರ್ಸ್ ಬೇಕಿತ್ತು, ಅಲ್ವಾ? ಹೋಗಿ!"

ಅವನು ಹೊರಟುಹೋದ.

ಮರುವಾರ ದೊಡ್ಡಣ್ಣ ಕಾರು ತಂದ. "ನಿನ್ನ ಅತ್ತಿಗೆಗೆ ಪಾರ್ಶ್ವವಾಯು ಹೊಡೆದಿದೆ. ಬಟ್ಟೆ ತುಂಬ್ಕೋ ಪುಟ್ಟಿ. ಈ ಮನೆ ಬಾಡಿಗೆಗೆ ಕೊಡೋಣ."

ಅಷ್ಟರಲ್ಲಿ ಫಿಟ್ಟರ್ ಒಳಗೆ ಬಂದ. ಅಣ್ಣನ ಕಡೆ ನೋಡಲೇ ಇಲ್ಲ.

"ಅವತ್ತು ಹೇಳಕ್ಕೆ ಬರ್ಲಿಲ್ಲ. ಅಮ್ಮನ್ನ ನಾನೇ ನೋಡ್ಕೋತೀನಿ, ನೋಡ್ಕೋತಾನೂ ಇದೀನಿ. ನಿಮ್ಮ ಮೊಣಕಾಲಿಗೆ ಡಾಕ್ಟರ್ ಹತ್ರ ನಾಳೆಗೆ ಟೋಕನ್ ತಗೊಂಡಿದೀನಿ. ಬರೋದು, ಬಿಡೋದು ನಿಮ್ಮಿಷ್ಟ... ನನಗೆ ನೀವು ಬೇಕು. ಕೆಲಸಕ್ಕಲ್ಲ."

ಪುಟ್ಟಿ ಕುರ್ಚಿ ಎಳೆದು ಕುಳಿತಳು. ಕಾಲು ನೋಯುತ್ತಿತ್ತು.

"ಯಾರೇ ಇವನು?" ಅಣ್ಣ ಗದರಿದ. "ಒಂದು ಟೀ ಕೊಟ್ಟು ಸಾಗಹಾಕು. ನನಗೂ ಮಾಡು."

"ಮಾಡಲ್ಲ."

"ಏನಂದೆ?"

"ಟೀನೂ ಮಾಡಲ್ಲ, ಕಾರೂ ಹತ್ತಲ್ಲ. ಅತ್ತಿಗೆ ನಿನ್ನ ಹೆಂಡತಿ ಅಣ್ಣ. ನೀನು ನೋಡ್ಕೋ."

ಫಿಟ್ಟರ್ ಆಗಲೇ ಅಡುಗೆಮನೆ ಹೊಕ್ಕಿದ್ದ. "ಸಕ್ಕರೆ ಎಷ್ಟು ಹಾಕ್ಲಿ?"

"ಎರಡು ಚಮಚ!" ಪುಟ್ಟಿ ಕೂತಲ್ಲಿಂದಲೇ ಕೂಗಿದಳು.

"ಹಠ ಸಾಕು, ಏಳು ಪುಟ್ಟಿ!"

"ಏಳಲ್ಲ."